ಮುಖ ಮುಚ್ಚಿ ಕೇಳಿದ ತಂಬಿಗೆ

ಮೊನ್ನೆ ಮೊಮ್ಮಗಳು ತನ್ನ ಕೂಸಿನ ನಾಲಿಗೆಗೆ ಹಚ್ಚಲೆಂದು ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ...

ನಿಜಾಮರ ಕಾಲದಲ್ಲಿ ಹುಮನಾಬಾದಿನ ನಮ್ಮ ಮನೆಯಲ್ಲೂ ಮಾತು ಬರಲೆಂದು ದಿನಾ ಬಜೆ ತೇಯುತ್ತಿದ್ದರು. ತಮ್ಮನಿಗೆ ಎರಡು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. "ಅವಗ ಎಲ್ಲಾ ತಿಳೀತದ, ಮಾತಷ್ಟ ತಡ ಆಗಾಕತ್ತದ" ಎನ್ನುತ್ತಿದ್ದಳು ಅವ್ವ. ತಂಬಿಗೆ ತಾ ಎಂದರೆ ತಂಬಿಗೆ ತರುತ್ತಿದ್ದ, ಚಪ್ಪಲಿ ಎಂದರೆ ಚಪ್ಪಲಿ. ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಹಠಮಾರಿ ಎಂದುಕೊಂಡಿದ್ದೆವು. ಅಜ್ಜಿ ಮಾಣಿಕನಗರದ ಗುಡಿಗೆ ಹರಕೆ ಹೊತ್ತಿದ್ದಳು.

ಆಗ ಪಕ್ಕದ ಮನೆಗೆ ಕಲ್ಯಾಣಿಯಿಂದ ಒಬ್ಬರು ಉಸ್ತಾನಿ, ಅಂದರೆ ಶಿಕ್ಷಕಿ, ಬಂದರು, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು. ಹೈದರಾಬಾದಿನಲ್ಲಿ ತರಬೇತಿಯಾದವರು. ಕೂಸುಗಳು ಹೇಗೆ ಕಲಿಯುತ್ತವೆ ಎಂದು ತಿಳಿಯಲು ಪರೀಕ್ಷೆ ಮಾಡಿ ನೋಡುವವರಿದ್ದಾರಂತೆ. ದೊಡ್ಡವರು ಕಣ್ಣಿನಿಂದಾಗಲಿ ಕೈಯಿಂದಾಗಲಿ ಸುಳಿವು ಕೊಡಬಾರದು, ಕೂಸು ತಾನಾಗಿ ಏನು ಮಾಡುತ್ತದೋ ಅದನ್ನಷ್ಟೇ ನೋಡಬೇಕಂತೆ. ಆ ಹುಚ್ಚು ಇವರಿಗೂ ಹತ್ತಿತ್ತು. ನಮ್ಮ ಪಡಸಾಲೆಯಲ್ಲಿ ಕೂತು ತಮ್ಮನನ್ನೇ ನೋಡುತ್ತಿದ್ದರು. ದೃಷ್ಟಿಯಾದೀತೆಂದು ಅಜ್ಜಿ ಒಳಗೇ ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಅವರು ಅವ್ವನಿಗೆ, "ಅಕ್ಕಾ, ನೀವು ತಂಬಿಗಿ ಅನ್ನೂಕಿಂತ ಮೊದಲ ನಿಮ್ಮ ಕಣ್ಣು ಆ ಕಡಿ ಹೋಗ್ತಾವ. ಮುಖದ ಮ್ಯಾಲ ಸೆರಗ ಎಳಕೊಂಡು ಕೇಳ್ರಿ" ಎಂದರು.

ಅವ್ವ ನಗುತ್ತಲೇ ಸೆರಗು ಎಳೆದುಕೊಂಡಳು. "ತಂಬಿಗಿ ತಾ, ನನ್ನಪ್ಪ."

ತಮ್ಮ ಕದಲಲಿಲ್ಲ. ಸೆರಗನ್ನೇ ನೋಡುತ್ತ ನಿಂತ. ಅವ್ವ ಮತ್ತೆ ಕೇಳಿದಳು, ಜೋರಾಗಿ ಕೇಳಿದಳು, ಕೂಗಿದಳು... ಬೆರಳು ಮಾಡಿ ತೋರಿಸಿಬಿಡಬೇಕೆಂದು ನಾನು ಒದ್ದಾಡಿದೆ. ಉಸ್ತಾನಿ ನನ್ನ ಕೈ ಹಿಡಿದುಕೊಂಡರು. ಆಮೇಲೆ ಅವ್ವನ ಕಡೆ ತಿರುಗಿದರು.

"ಇವಗ ಬುದ್ಧಿ ಭಾಳ ಅದರಿ. ಕಿವಿ ಕೇಳಸಂಗಿಲ್ರಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವ್ವ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವಳಿಗೆ ಒಂದೇ ಕೆಲಸ. ತಮ್ಮನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ಹೆಸರು ಹಿಡಿದು ಕರೆಯುವುದು. ಒಲೆಯ ಮೇಲಿನ ರೊಟ್ಟಿ ಸೀದರೂ ಗೊತ್ತಾಗುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವನನ್ನು ಎತ್ತಿಕೊಂಡು ತಾನೇ ಪಕ್ಕದ ಮನೆಗೆ ಹೋದಳು.

"ಈಗ ಹ್ಯಾಂಗ ಮಾಡಲ್ರಿ?"

"ಮಾತಾಡೂ ಮುಂದ ಮುಖ ತೋರಸ್ರಿ. ಅವ ನೋಡಿ ಕಲೀತಾನ."

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬೆನ್ನು ತಿರುಗಿಸಿ ಮಾತಾಡಲಿಲ್ಲ. ತಮ್ಮ ಕಲಿತ, ದರ್ಜಿಯಾದ, ಸಂಸಾರ ಮಾಡಿದ. ಉಸ್ತಾನಿ ಮಾತ್ರ ನಿಜಾಮರ ಆಳ್ವಿಕೆ ಮುಗಿದ ಗಲಾಟೆಯ ವರ್ಷ ಊರು ಬಿಟ್ಟವರು ಎಲ್ಲಿಗೆ ಹೋದರೋ... ಯಾರೂ ಹೇಳಲಿಲ್ಲ.

ತಮ್ಮ ಹೋದ ವರ್ಷ ತೀರಿಕೊಂಡ. ಈಗ ಮನೆಯಲ್ಲಿ ಎಲ್ಲರಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ಆದರೂ ಮಾತಾಡುವ ಮೊದಲು ಅವರ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ. "ಕೇಳಸ್ತದ ಅಜ್ಜಿ, ಬಿಡು" ಎನ್ನುತ್ತಾರೆ. ಬಿಡಲು ನನ್ನಿಂದಾಗುವುದಿಲ್ಲ.