ಬೆಂಕಿ ಕಾಣದ ಪೈಪು

"ಇದಕ್ಕೆ ಒಂದು ದಿನವೂ ಬೆಂಕಿ ತಾಗಿಲ್ಲ ಮಾರಾಯ್ರೇ," ಎಂದರು ವಿರಾಜಪೇಟೆಯ ಹಳೇ ಸಾಮಾನಿನ ಅಂಗಡಿಯ ಕಾಕಾ. ಅಪ್ಪ ಬಿಟ್ಟುಹೋದ, ತಂಬಾಕು ಸೇದುವ ಪೈಪಿನೊಳಗೆ ಅವರು ತೂರಿಸಿದ ಕಿರುಬೆರಳಿಗೆ ಚೂರೂ ಮಸಿ ಹತ್ತಿರಲಿಲ್ಲ.

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪನಿಗೆ ಅದನ್ನು ಕೊಟ್ಟವರು ಸೀಮೆಗೆ ಮರಳುತ್ತಿದ್ದ ಇಂಗ್ಲಿಷ್ ದೊರೆ. ಬೆಲೆ ಕೇಳಲು ಹೋಗಿದ್ದ ನನಗೆ ಎರಡೂ ಕಡೆಯ ಚಿಂತೆ: ಬೆಲೆಬಾಳಿದರೆ ಕಳ್ಳರದು, ಬಾಳದಿದ್ದರೆ ಅಪ್ಪನ ಮರ್ಯಾದೆಯದು. ಈಗ ನನ್ನ ನೆನಪಿನ ಮೇಲೇ ಅನುಮಾನ ಬಂತು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ತಡವಾದಾಗಲೆಲ್ಲ ಅಪ್ಪ ಜಗಲಿಯಲ್ಲಿ ಕೂತು, ಆಕಾಶ ನೋಡುತ್ತ ಇದನ್ನು ಸೇದುತ್ತಿದ್ದುದನ್ನು ನಾನೇ ಕಂಡಿದ್ದೆನಲ್ಲ! ಹೊಗೆ ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಸೇದಿದ್ದಲ್ಲ, ಕಚ್ಚಿದ್ದು," ಎಂದು ಕಾಕಾ ಕೊಳವೆಯ ತುದಿಯಲ್ಲಿ ಆಳವಾಗಿ ಬಿದ್ದಿದ್ದ ಹಲ್ಲಿನ ಗುರುತು ತೋರಿಸಿದರು. "ಇದೊಂದಿಲ್ಲದಿದ್ರೆ ಮೂವತ್ತು ರೂಪಾಯಿ ಕೊಡ್ತಿದ್ದೆ. ಈಗ ಮೂರು. ಅಷ್ಟೊಂದು ಎಂಥ ಚಿಂತೆ ಇತ್ತು ನಿಮ್ಮಪ್ಪನಿಗೆ?"

ಪೈಪನ್ನು ಮಾರದೆ ಬಸ್ಸು ಹತ್ತಿದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಹೆದರುತ್ತ ಕೂತವನಿಗೆ ಸುಂಟಿಕೊಪ್ಪದಲ್ಲಿ ಇಳಿಯುವಾಗಲೇ ಗೊತ್ತಾದದ್ದು, ಪೈಪು ನನ್ನ ಬಾಯಲ್ಲಿದೆ ಎಂದು. ನನ್ನ ಹಲ್ಲುಗಳು ಅಪ್ಪನ ಗುರುತಿನಲ್ಲೇ ಸರಿಯಾಗಿ ಕೂತಿದ್ದವು.