‘ಮನುಷ್ಯ’ ಎಂಬ ಗುರುತು

ಆಸ್ಪತ್ರೆಯ ಗ್ರಂಥಪಾಲಕಿ ಸಿಟ್ಟಿನ ಹೆಂಗಸೆಂದೇ ಹೆಸರಾದವರು. 1989ರ ಜುಲೈ 3ರಂದು ಕೆಲಸಕ್ಕೆ ಸೇರಿದಾಗಿನಿಂದ, ಪುಸ್ತಕದ ಹಾಳೆಯ ಮೂಲೆ ಮಡಚಿದ ಯಾರನ್ನೂ ಆಕೆ ಸುಮ್ಮನೆ ಬಿಟ್ಟದ್ದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಮೆಣಸಿನಕಾಯಿ’ ಎನ್ನುತ್ತಿದ್ದರು. ಆದರೆ ಅದೆಲ್ಲ ಬಾಯಲ್ಲಿ ಹುಟ್ಟಿ ಬಾಯಲ್ಲೇ ಮುಗಿಯುವ ಸಿಟ್ಟು. 2017ರ ನವೆಂಬರ್ 14, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಬಂದ ಸಿಟ್ಟು ಆ ಜಾತಿಯದಲ್ಲ.

ಗ್ರಂಥಾಲಯದಿಂದ ಎರಡು ಮಹಡಿ ಮೇಲಿನ ವಾರ್ಡಿನಲ್ಲಿ ಆಕೆಯ ನಾದಿನಿ ಮಲಗಿದ್ದಳು. ಬೆನ್ನುಮೂಳೆಯ ಸೋಂಕು. ಅಕ್ಟೋಬರ್ 6ರಿಂದ ಒಂದು ಹೊಸ ಮಾತ್ರೆ ಶುರುವಾಗಿತ್ತು. ಅದು ಬಳಕೆಗೆ ಬಂದು ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಬೆನ್ನಿನ ನೋವು ಇಳಿಯಿತು. ಆದರೆ ಒಂದು ವಾರದಿಂದ ಪಾದಗಳು ಉರಿಯುತ್ತಿದ್ದವು, ಈಗ ಮರಗಟ್ಟತೊಡಗಿದ್ದವು.

“ಅತ್ತಿಗೆ, ಬಚ್ಚಲಿಂದ ಬರುವಾಗ ಒಂದು ಚಪ್ಪಲಿ ಅಲ್ಲೇ ಉಳಿದಿತ್ತು. ಮಂಚಕ್ಕೆ ಬಂದು ಕೂತ ಮೇಲೆ ಕಣ್ಣಿಗೆ ಕಂಡಿತು, ಕಾಲಿಗೆ ಗೊತ್ತೇ ಆಗಲಿಲ್ಲ” ಎಂದಳು ನಾದಿನಿ.

“ಡಾಕ್ಟರಿಗೆ ಹೇಳಿದೆಯಾ?”

“ಹೇಳದೆ ಇರ್ತೀನಾ? ಕಂಪ್ಯೂಟರಿನಲ್ಲಿ ಹುಡುಕಿದರಂತೆ. ಈ ಮಾತ್ರೆಯಿಂದ ಹೀಗಾಗಿದ್ದು ಎಲ್ಲೂ ಬರೆದಿಲ್ಲವಂತೆ, ಮನಸ್ಸಿನ ಭ್ರಮೆ ಇರಬಹುದು ಅಂದರು. ಬರೆದಿಲ್ಲ ಅಂದಮೇಲೆ ನನ್ನ ಕಾಲಿನಲ್ಲೂ ಇರಬಾರದು, ನೋಡಿ.”

ಅತ್ತಿಗೆ-ನಾದಿನಿಯರಿಗೆ ಇಪ್ಪತ್ತೇಳು ವರ್ಷಗಳಿಂದ ಎಣ್ಣೆ-ಸೀಗೇಕಾಯಿ. ಆದರೂ ಆ ನಾದಿನಿ ಇಲ್ಲದ ನೋವನ್ನು ಹೇಳಿಕೊಳ್ಳುವವಳಲ್ಲ, ಇದ್ದದ್ದನ್ನೇ ನುಂಗಿಕೊಳ್ಳುವವಳು. ಗ್ರಂಥಪಾಲಕಿ ಎದ್ದು ದಾದಿಯರ ಮೇಜಿನ ಕಡೆ ನಡೆದರು. ಅಲ್ಲಿನ ಕಂಪ್ಯೂಟರಿನ ಮುಂದೆ ವಾರ್ಡಿನ ಕಿರಿಯ ಡಾಕ್ಟರು ಕುಳಿತಿದ್ದರು.

“ಡಾಕ್ಟ್ರೇ, ನೀವು ಹುಡುಕಿದ್ದನ್ನ ನನ್ನೆದುರಿಗೆ ಇನ್ನೊಂದು ಸಲ ಹುಡುಕಿ.”

“ಮೇಡಂ, ರೌಂಡ್ಸಿದೆ…”

“ರೌಂಡ್ಸು ಕಾಯುತ್ತೆ. ಅವಳ ಕಾಲು ಕಾಯಲ್ಲ.”

ಡಾಕ್ಟರು ವೈದ್ಯಕೀಯ ಲೇಖನಗಳ ಭಂಡಾರವನ್ನು ತೆರೆದು ಮಾತ್ರೆಯ ಹೆಸರನ್ನೂ ನರಗಳ ತೊಂದರೆಯನ್ನು ಸೂಚಿಸುವ ಪದವನ್ನೂ ಬೆರಳಚ್ಚಿಸಿದರು. ಫಲಿತಾಂಶ: ಸೊನ್ನೆ. ನೋಡಿದಿರಲ್ಲ ಎಂಬಂತೆ ಕುರ್ಚಿ ಹಿಂದಕ್ಕೆ ಸರಿಸಿದರು.

ಈ ಭಂಡಾರ ನಾವು ಬರೆದದ್ದನ್ನು ಬರೆದ ಹಾಗೆ ಓದುವುದಿಲ್ಲ. ನಮ್ಮ ಪದಗಳನ್ನು ತನ್ನ ಪದಕೋಶದ ಶೀರ್ಷಿಕೆಗಳಿಗೆ ಹೊಂದಿಸಿಕೊಂಡು, ನಾವು ಹಾಕಿದ ಷರತ್ತುಗಳನ್ನೂ ಸೇರಿಸಿ, ತನಗೆ ತಿಳಿದಂತೆ ಬೇರೊಂದು ಪ್ರಶ್ನೆಯನ್ನೇ ಕಟ್ಟಿಕೊಳ್ಳುತ್ತದೆ. ಕದ್ದುಮುಚ್ಚಿಯೇನೂ ಅಲ್ಲ, ಕಟ್ಟಿಕೊಂಡ ಪ್ರಶ್ನೆಯನ್ನು ಪುಟದ ಅಂಚಿನ ಪುಟ್ಟ ಚೌಕದಲ್ಲಿ ತೋರಿಸುತ್ತದೆ. ಆ ಚೌಕದತ್ತ ತಿರುಗಿ ನೋಡುವವರು ಇಡೀ ಆಸ್ಪತ್ರೆಯಲ್ಲಿ ಗ್ರಂಥಪಾಲಕಿ ಒಬ್ಬರೇ. ಆಕೆ ಕನ್ನಡಕ ಏರಿಸಿ ಓದಿದರು. ಮಾತ್ರೆಯ ಹೆಸರು ಸರಿಯಾಗಿತ್ತು, ತೊಂದರೆಯ ಹೆಸರೂ ಸರಿಯಾಗಿತ್ತು. ಸಾಲಿನ ಕೊನೆಯಲ್ಲಿ, ಡಾಕ್ಟರು ಗುರುತು ಹಾಕಿ ಸೇರಿಸಿದ ‘ಮನುಷ್ಯ’ ಎಂಬ ಷರತ್ತು ಅಂಟಿಕೊಂಡಿತ್ತು.

“ಈ ಗುರುತು ಯಾಕೆ ಹಾಕಿದಿರಿ?”

“ನಮ್ಮ ರೋಗಿಗಳು ಮನುಷ್ಯರೇ ತಾನೇ, ಮೇಡಂ. ಇಲಿಗಳ ಮೇಲಿನ ಪ್ರಯೋಗ ನನಗೇಕೆ?”

“ಲೇಖನ ಭಂಡಾರಕ್ಕೆ ಬಂದ ದಿನವೇ ಅದಕ್ಕೆ ‘ಮನುಷ್ಯ’ ಅಂತ ಹಣೆಪಟ್ಟಿ ಹಚ್ಚಿರ್ತಾರೆ ಅಂದ್ಕೊಂಡಿರಾ? ಯಾರೋ ಕೂತು ಓದಿ ಹಚ್ಚಬೇಕು. ತಿಂಗಳುಗಟ್ಟಲೆ ಆಗುತ್ತೆ, ಕೆಲವಕ್ಕೆ ಹಚ್ಚೋದೇ ಇಲ್ಲ. ಹಣೆಪಟ್ಟಿ ಇಲ್ಲದ್ದನ್ನೆಲ್ಲ ಈ ಗುರುತು ಆಚೆಗೆ ತಳ್ಳುತ್ತೆ. ಹೊಸ ಮಾತ್ರೆಯ ಸುದ್ದಿ ಹೊಸ ಲೇಖನದಲ್ಲೇ ತಾನೇ ಇರಬೇಕು? ನೀವು ಬಾಗಿಲು ಹಾಕ್ಕೊಂಡು, ಯಾರೂ ಬಂದಿಲ್ಲ ಅಂತೀರಿ.”

ಆಕೆಯೇ ಕೈ ಚಾಚಿ ಗುರುತು ತೆಗೆದರು. ಸೊನ್ನೆ ಇದ್ದಲ್ಲಿ ಹನ್ನೊಂದು ಬಂತು. ಅವುಗಳಲ್ಲಿ ನಾಲ್ಕು ವರದಿಗಳು ಇದೇ ಮಾತ್ರೆ ನುಂಗಿ ಪಾದದ ಸ್ಪರ್ಶ ಕಳೆದುಕೊಂಡವರವು. ಶುರುಮಾಡಿದ ಎರಡು ತಿಂಗಳೊಳಗೆ ಮಾತ್ರೆ ಬಿಟ್ಟ ಇಬ್ಬರಿಗೆ ಸ್ಪರ್ಶ ನಿಧಾನಕ್ಕೆ ಮರಳಿತ್ತು. ತಡಮಾಡಿದ ಇಬ್ಬರಿಗೆ ಮರಳಿರಲಿಲ್ಲ. ನಾದಿನಿಗೆ ಅಂದು ನಲವತ್ತನೆಯ ದಿನ.

“ಮಲಗಿರೋ ಹೆಂಗಸಿಗೆ ಭ್ರಮೆ ಅಂದಿರಿ” ಎಂದರು ಗ್ರಂಥಪಾಲಕಿ. ದನಿ ಏರಲಿಲ್ಲ, ಏರದ ಆ ದನಿ ಕೇಳಿಯೇ ದಾದಿಯೊಬ್ಬಳು ಬರೆಯುವುದನ್ನು ನಿಲ್ಲಿಸಿದಳು. “ಯಾವ ಪುಣ್ಯಾತ್ಮರು ನಿಮಗೆ ಹೀಗೆ ಹುಡುಕೋಕೆ ಕಲಿಸಿದ್ದು?”

ಡಾಕ್ಟರು ಮುಜುಗರದಿಂದ ಗೋಡೆಯ ಕಡೆ ನೋಡಿದರು. ಕಂಪ್ಯೂಟರಿನ ಮೇಲ್ಗಡೆ ಹಳದಿಗಟ್ಟಿದ ಹಾಳೆಯೊಂದು ಅಂಟಿಕೊಂಡಿತ್ತು: ‘ಹುಡುಕುವ ಕ್ರಮ. 1. ಮೊದಲು “ಮನುಷ್ಯ” ಗುರುತು ಹಾಕಿ.’ ಕೆಳಗೆ ದಿನಾಂಕ, 12-3-2001. ಅಕ್ಷರ ಗ್ರಂಥಪಾಲಕಿಯದೇ.

ಆಗ ಭಂಡಾರ ಡಿಸ್ಕಿನಲ್ಲಿ ಬರುತ್ತಿತ್ತು. ಅದರಲ್ಲಿದ್ದ ಪ್ರತಿ ಲೇಖನಕ್ಕೂ ಹಣೆಪಟ್ಟಿ ಇರುತ್ತಿತ್ತು. ಅಂದಿಗೆ ಅದು ಸರಿಯಾದ ಸಲಹೆ. ಡಿಸ್ಕು ಹೋಯಿತು, ಹಣೆಪಟ್ಟಿಗೆ ಕಾಯದ ಇಂಟರ್ನೆಟ್ ಭಂಡಾರ ಬಂತು, ಹಾಳೆ ಮಾತ್ರ ಉಳಿಯಿತು. ವಿದ್ಯಾರ್ಥಿಯಾಗಿದ್ದ ಇದೇ ಡಾಕ್ಟರಿಗೆ 2009ರ ಆಗಸ್ಟ್ 17ರಂದು ಅದನ್ನೇ ಬಾಯಿಪಾಠ ಮಾಡಿಸಿದ್ದು ಆಕೆಗೆ ನೆನಪಾಯಿತು. ಸಿಟ್ಟು ಇಳಿಯಲಿಲ್ಲ. ಹೋಗಲು ಬೇರೆ ದಾರಿಯಿಲ್ಲದೆ ತಿರುಗಿ ಆಕೆಯ ಮೈಮೇಲೆಯೇ ಬಿತ್ತು.

“ಸರಿ, ನಾನೇ ಕಲಿಸಿದ್ದು” ಎಂದರು. “ಈಗ ಮಾತ್ರೆ ನಿಲ್ಲಿಸಿ.”

“ದೊಡ್ಡ ಡಾಕ್ಟರನ್ನ ಕೇಳಬೇಕು. ನಾಳೆ ಬರ್ತಾರೆ.”

“ಎರಡು ಗಂಟೆಗೆ ಮುಂದಿನ ಮಾತ್ರೆ ಇದೆ. ಫೋನ್ ಮಾಡಿ. ಈ ನಾಲ್ಕೂ ಓದಿ ಹೇಳಿ. ತಪ್ಪು ನನ್ನದು ಅಂತಲೂ ಹೇಳಿ, ನನಗೇನೂ ನಾಚಿಕೆ ಇಲ್ಲ.”

ನಾಚಿಕೆ ಧಾರಾಳವಾಗಿತ್ತು. ಆಕೆ ಒಂದು ಸ್ಟೂಲು ಎಳೆದುಕೊಂಡು ಔಷಧದ ಗಾಡಿಯ ಎದುರಿಗೇ ಕುಳಿತರು. ಡಾಕ್ಟರು ಮೂರು ಸಲ ಫೋನ್ ಮಾಡಿದರು. ಒಂದು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡ ಡಾಕ್ಟರು ಸಿಕ್ಕರು. ನಾದಿನಿಯ ಚೀಟಿಯಲ್ಲಿ ಆ ಮಾತ್ರೆಯ ಸಾಲಿಗೆ ಅಡ್ಡಗೆರೆ ಬಿತ್ತು. ಅದರ ಬದಲು ಹಳೆಯ ಚುಚ್ಚುಮದ್ದೊಂದನ್ನು ಬರೆದರು. ಗ್ರಂಥಪಾಲಕಿ ಗೋಡೆಯ ಹಾಳೆಯನ್ನು ಉಗುರಿನಿಂದ ಕಿತ್ತರು. ಉಳಿದ ಎಂಟು ವಾರ್ಡುಗಳ ಹಾಳೆಗಳೂ ಸಂಜೆಯೊಳಗೆ ಚೂರಾಗಿದ್ದವು.

ನಾಲ್ಕನೇ ವಾರಕ್ಕೆ, ಡಿಸೆಂಬರ್ 8ರಂದು, ನಾದಿನಿಯ ಎಡಗಾಲಿನ ಹೆಬ್ಬೆರಳಿಗೆ ನೆಲದ ತಂಪು ತಿಳಿಯಿತು. ಬಲಗಾಲು ಇನ್ನೂ ಮರದ ತುಂಡು.

“ಕೊನೆಗೆ ಯಾರ ತಪ್ಪಂತೆ, ಅತ್ತಿಗೆ?”

“ನನ್ನದು.”

“ಇಪ್ಪತ್ತೇಳು ವರ್ಷಕ್ಕೆ ಮೊದಲ ಸಲ ಒಪ್ಪಿಕೊಂಡಿರಿ. ಅದೂ ಎದ್ದು ಕುಣಿಯೋಕೆ ನನಗೆ ಕಾಲಿಲ್ಲದ ಹೊತ್ತಿಗೆ.”

“ಕುಣಿ. ಒಂದು ಕಾಲಾದರೂ ಬಂದಿದೆಯಲ್ಲ” ಎಂದು ಗದರಿದ ಗ್ರಂಥಪಾಲಕಿ, ಆ ಮರಗಟ್ಟಿದ ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ ತಿಕ್ಕತೊಡಗಿದರು.