ಸುಣ್ಣ ಬಳಿದ ಗೋಡೆ

ಎಪ್ಪತ್ತರ ದಶಕದಲ್ಲಿ ಬಿಜಾಪುರದ ಜೋರಾಪುರ ಪೇಟೆಯ ನಮ್ಮ ಪಕ್ಕದ ಮನೆಯಲ್ಲಿ ಸಾಲಿ ಕಲಿಸುವ ಅಕ್ಕೋರೊಬ್ಬರಿದ್ದರು. ಮಗಳು ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದರು. ಒಂದು ಮುಂಜಾನೆ ಎದ್ದು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು: ‘ಇವತ್ತ ಹೊಸ್ತಿಲ ತನಕಾ.’ ಮುಂದೆ ನಳದ ತನಕ, ಓಣಿಯ ತಿರುವಿನ ತನಕ, ದಿನಕ್ಕೊಂದು ಸಾಲು; ಬರೆದಷ್ಟು ದೂರ ನಡೆದು ಬರುತ್ತಿದ್ದರು. ಹೇಗಿದ್ದೀರಿ ಎಂದರೆ, “ನಾಳಿಗಿ ಇನ್ನೊಂದೀಟ, ಸಾಕ,” ಎನ್ನುತ್ತಿದ್ದರು.

ದಸರೆಗೆ ಮುಂಚೆ ಅವರು ಹಾಸಿಗೆ ಬಿಟ್ಟ ಮೇಲೆ ಮೊದಲ ಸಲ ಸ್ಟೇಷನ್ ರಸ್ತೆಯ ತನಕ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿ, ಪಾಪ ಎಂದು, ಅವರ ಮನೆಗೆ ಸುಣ್ಣ ಬಳಿದೆವು. ಹಬ್ಬಕ್ಕೆ ಕರಿಗೋಡೆ ಇರಬಾರದೆಂದು ನಾನೇ ಆ ಸಾಲುಗಳ ಮೇಲೆ ಎರಡು ಕೈ ಬಳಿದೆ. ಓದಿದ್ದೆ, ಆದರೂ ಬಳಿದೆ.

ಅಕ್ಕೋರು ಬಂದು ಗೋಡೆ ಸವರಿದರು. ಅಂಗೈಗೆ ಹಸಿ ಸುಣ್ಣ ಹತ್ತಿತು.

“ನಾ ಎಲ್ಲಿ ತನಕಾ ಬಂದಿದ್ನಿ, ತಂಗಿ?” ಎಂದು ನನ್ನನ್ನು ಕೇಳಿದರು.

ಮರುದಿನದಿಂದ ಹೊಸ್ತಿಲ ತನಕವೂ ಬರಲಿಲ್ಲ.